ಹಿಂದಿರುಗುವ ಕಾಲು: ನೀರಿನಡಿಯ ಡಾಲ್ಫಿನ್ ಕಿಕ್ ಬಗ್ಗೆ

(ಈಜುಗಾರರು, ತರಬೇತುದಾರರು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ಕೂತಲ್ಲೇ ಸ್ವಲ್ಪ ಬಾಗಿ, ಮೊಣಕಾಲಿನ ಕೆಳಗೆ, ಕಾಲಿನ ಹಿಂಭಾಗದಲ್ಲಿ ಅಂಗೈ ಇಡಿ. ಅಲ್ಲಿ ಉಬ್ಬಿದ ಮಾಂಸ ಕೈಗೆ ಸಿಗುತ್ತದೆ. ಅದಕ್ಕೆ ಕನ್ನಡದಲ್ಲಿ ಮೀನಖಂಡ ಎನ್ನುತ್ತೇವೆ. ಈಜುವವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು. ಈಗ ಕೈಯನ್ನು ಹಾಗೇ ಕೆಳಗೆ ಜಾರಿಸಿ, ಹಿಮ್ಮಡಿ ದಾಟಿಸಿ, ಅಂಗಾಲಿನವರೆಗೆ ತನ್ನಿ. ಈ ಭಾಗದ ಮೇಲೆ ನೀರು ಒತ್ತಿದ್ದು ನಿಮ್ಮ ಗಮನಕ್ಕೆ ಬಂದದ್ದು ಯಾವಾಗ? ಪಾದದ ಮೇಲ್ಭಾಗಕ್ಕೆ ನೀರು ಬಡಿಯುವುದು ಎಲ್ಲರಿಗೂ ಗೊತ್ತು, ಡಾಲ್ಫಿನ್ ಕಿಕ್ ಎಂದರೆ ನಮ್ಮ ನೆನಪಿಗೆ ಬರುವುದೇ ಆ ಬಡಿತ. ಹಿಂಭಾಗದ ಒತ್ತಡ ಮಾತ್ರ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಹಿಂಭಾಗದ ಕುರಿತೇ.

ಪೋಷಕರೂ ಬಂದಿರುವುದರಿಂದ ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ಸ್ಪರ್ಧೆಯಲ್ಲಿ ಈಜುಗಾರ ಬ್ಲಾಕ್‌ನಿಂದ ಧುಮುಕಿದ ಮೇಲೆ, ಅಥವಾ ಟರ್ನ್ ಮಾಡಿ ಗೋಡೆಯನ್ನು ಒದ್ದು ಹೊರಟ ಮೇಲೆ, ತಕ್ಷಣ ಮೇಲಕ್ಕೆ ಬರುವುದಿಲ್ಲ. ಕೈ ಎರಡನ್ನೂ ತಲೆಯ ಮುಂದೆ ಚಾಚಿ, ಎರಡೂ ಕಾಲನ್ನು ಜೋಡಿಸಿ, ಬಾಲ ಬೀಸುವ ಹಾಗೆ ಮೇಲೆ ಕೆಳಗೆ ಬೀಸುತ್ತಾ ನೀರಿನಡಿಯಲ್ಲೇ ಸಾಗುತ್ತಾನೆ. ಇದೇ ಅಂಡರ್‌ವಾಟರ್ ಡಾಲ್ಫಿನ್ ಕಿಕ್. ಸ್ಪರ್ಧೆಯ ನಾಲ್ಕು ಈಜುಗಳಲ್ಲಿ ಬ್ರೆಸ್ಟ್‌ಸ್ಟ್ರೋಕ್ ಬಿಟ್ಟು, ಫ್ರೀಸ್ಟೈಲ್, ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈ ಮೂರರಲ್ಲೂ 15 ಮೀಟರ್‌ವರೆಗೆ ಹೀಗೆ ಹೋಗಲು ನಿಯಮದ ಒಪ್ಪಿಗೆ ಇದೆ. ಅಷ್ಟರೊಳಗೆ ತಲೆ ನೀರಿನಿಂದ ಹೊರಬರಬೇಕು.

ಒಂದು ಲೆಕ್ಕ ನೋಡಿ. 50 ಮೀಟರ್ ಕೊಳದಲ್ಲಿ 100 ಮೀಟರ್ ಈಜಿದರೆ ಒಂದು ಸ್ಟಾರ್ಟ್, ಒಂದು ಟರ್ನ್. ಅಂದರೆ 30 ಮೀಟರ್‌ವರೆಗೆ ನೀರಿನಡಿ ಹೋಗಬಹುದು. ಅದೇ 25 ಮೀಟರ್ ಕೊಳವಾದರೆ ಒಂದು ಸ್ಟಾರ್ಟ್, ಮೂರು ಟರ್ನ್. 100ರಲ್ಲಿ 60 ಮೀಟರ್! ಅರ್ಧಕ್ಕಿಂತ ಹೆಚ್ಚು ದೂರ ಕೈಯನ್ನೇ ಆಡಿಸದೆ ಹೋಗಬಹುದು ಎಂದಾಯಿತು. ಇದನ್ನು ಐದನೇ ಈಜು ಎಂದು ಕರೆಯುವುದು ಸುಮ್ಮನೆ ಅಲ್ಲ. ಆದರೆ ನಮ್ಮ ತರಬೇತಿಯ ಸಮಯವನ್ನು ಲೆಕ್ಕ ಹಾಕಿದರೆ, ಉಳಿದ ನಾಲ್ಕಕ್ಕೆ ಕೊಡುವ ಗಮನದ ಹತ್ತರಲ್ಲಿ ಒಂದು ಪಾಲೂ ಇದಕ್ಕೆ ಸಿಗುವುದಿಲ್ಲ. ಇದು ನನ್ನನ್ನು ವರ್ಷಗಳಿಂದ ಕಾಡಿದೆ.

ಈ ಒದೆತ ನಿನ್ನೆ ಮೊನ್ನೆಯದಲ್ಲ. 1930ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಆರ್ಮ್‌ಬ್ರಸ್ಟರ್ ಎಂಬ ಕೋಚ್ ಇದ್ದರು. ಅವರ ಶಿಷ್ಯ ಜ್ಯಾಕ್ ಸೀಗ್ ಒಂದು ಪಕ್ಕಕ್ಕೆ ಮಲಗಿ ಎರಡೂ ಕಾಲನ್ನು ಮೀನಿನ ಬಾಲದಂತೆ ಬೀಸಿ ನೋಡಿದ. ಆಮೇಲೆ ಅದನ್ನೇ ಬೋರಲಾಗಿ ಮಾಡಿದ. ಬಟರ್‌ಫ್ಲೈ ಈಜಿನ ಕಾಲು ಹುಟ್ಟಿದ್ದು ಹಾಗೆ. ಪಕ್ಕಕ್ಕೆ ಮಲಗಿ ಶುರು ಮಾಡಿದ ಎಂಬುದನ್ನು ನೆನಪಿಟ್ಟುಕೊಳ್ಳಿ, ಅದು ಮುಂದೆ ಮತ್ತೆ ಬರುತ್ತದೆ.

ಅದೇ ಒದೆತ ನೀರಿನಡಿಯ ಅಸ್ತ್ರವಾದದ್ದು 1980ರ ದಶಕದಲ್ಲಿ. 1988ರ ಸೋಲ್ ಒಲಿಂಪಿಕ್ಸ್‌ನ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ ಸ್ಟಾರ್ಟ್ ಆದಮೇಲೆ ಕಾಣೆಯಾಗಿಬಿಡುತ್ತಿದ್ದ. ಉಳಿದವರು ಮೇಲೆ ಬಂದು ಕೈ ಬೀಸುತ್ತಿದ್ದಾಗ ಆತ ಇನ್ನೂ ನೀರಿನಡಿ ಇರುತ್ತಿದ್ದ, 30 ಮೀಟರ್ ದಾಟಿದ ಮೇಲೆ ತಲೆ ಕಾಣಿಸುತ್ತಿತ್ತು. ಅರ್ಹತಾ ಸುತ್ತಿನಲ್ಲಿ 54.51 ಸೆಕೆಂಡಿನ ವಿಶ್ವದಾಖಲೆ. ಫೈನಲ್‌ನಲ್ಲಿ ಚಿನ್ನ ಗೆದ್ದದ್ದು ಜಪಾನಿನ ಡೈಚಿ ಸುಜುಕಿ. ಆತನೂ ನೀರಿನಡಿ ಬಹುದೂರ ಹೋದವನೇ. ಇದನ್ನು ನೋಡಿ ಅಂತರರಾಷ್ಟ್ರೀಯ ಸಂಸ್ಥೆ ಬ್ಯಾಕ್‌ಸ್ಟ್ರೋಕ್‌ಗೆ ಮೊದಲು 10 ಮೀಟರ್, ಬಳಿಕ 15 ಮೀಟರ್ ಮಿತಿ ಹಾಕಿತು. 1996ರ ಅಟ್ಲಾಂಟಾದಲ್ಲಿ ರಷ್ಯಾದ ಡೆನಿಸ್ ಪಂಕ್ರಟೊವ್ ಇದೇ ಕಲೆಯಿಂದ ಬಟರ್‌ಫ್ಲೈನ ಎರಡೂ ಚಿನ್ನ ಗೆದ್ದ ಮೇಲೆ, 1998ರಲ್ಲಿ ಬಟರ್‌ಫ್ಲೈ ಮತ್ತು ಫ್ರೀಸ್ಟೈಲ್‌ಗೂ ಮಿತಿ ಬಂತು. ಮೇಲಿನ ಈಜಿಗಿಂತ ಕೆಳಗಿನ ಈಜು ವೇಗವಾದದ್ದು ಎಂದು ನಿಯಮದ ಪುಸ್ತಕವೇ ಒಪ್ಪಿಕೊಂಡ ಹಾಗಾಯಿತು.

ಏಕೆ ವೇಗ? ನೀರಿನ ಮೇಲ್ಮೈಯಲ್ಲಿ ಚಲಿಸುವ ಯಾವುದೇ ವಸ್ತು ಅಲೆ ಎಬ್ಬಿಸುತ್ತದೆ. ಅಲೆ ಎಬ್ಬಿಸುವುದಕ್ಕೆ ಶಕ್ತಿ ಬೇಕು, ಆ ಶಕ್ತಿಯನ್ನು ಕೊಡುವವರು ನೀವೇ. ಅರ್ಧ ಮೀಟರಿಗಿಂತ ಕೆಳಗೆ ಇಳಿದರೆ ಈ ಖರ್ಚು ಬಹಳ ಕಡಿಮೆಯಾಗುತ್ತದೆ. ಜೊತೆಗೆ ಗೋಡೆಯನ್ನು ಒದ್ದು ಹೊರಟ ಕ್ಷಣದ ವೇಗ ಇಡೀ ಸ್ಪರ್ಧೆಯಲ್ಲಿ ಸ್ಟಾರ್ಟ್ ಬಿಟ್ಟರೆ ಮತ್ತೆಲ್ಲೂ ಸಿಗುವುದಿಲ್ಲ. ಕೈ ಎಷ್ಟೇ ಗಟ್ಟಿ ಇದ್ದರೂ ಮೇಲ್ಮೈಯ ಈಜಿನಲ್ಲಿ ಆ ವೇಗ ಬಾರದು. ಪುಕ್ಕಟೆಯಾಗಿ ಬಂದ ಆ ವೇಗವನ್ನು ಎಷ್ಟು ದೂರ ಕಾಪಾಡಿಕೊಂಡು ಹೋಗಬಲ್ಲಿರಿ ಎನ್ನುವುದೇ ಪ್ರಶ್ನೆ.

ಇನ್ನು ಕಾಲಿಗೆ ಬರೋಣ.

ದೋಣಿ ನಡೆಸುವವನನ್ನು ಗಮನಿಸಿ. ಹುಟ್ಟು ಹಾಕಿ ನೀರನ್ನು ಹಿಂದಕ್ಕೆ ತಳ್ಳುತ್ತಾನೆ. ಮುಂದಿನ ಸಲಕ್ಕಾಗಿ ಹುಟ್ಟನ್ನು ಮತ್ತೆ ಮುಂದಕ್ಕೆ ತರುವಾಗ ನೀರಿನಿಂದ ಮೇಲೆತ್ತುತ್ತಾನೆ, ಗಾಳಿಯಲ್ಲಿ ತರುತ್ತಾನೆ. ನೀರಿನೊಳಗೇ ಎಳೆದು ತಂದರೆ ಮುಂದೆ ಹೋದ ದೋಣಿ ಹಿಂದೆ ಬರುತ್ತದೆ. ಫ್ರೀಸ್ಟೈಲ್ ಈಜುವವನ ಕೈಯೂ ಹಾಗೇ, ಗಾಳಿಯಲ್ಲಿ ಹಿಂದಿರುಗುತ್ತದೆ. ಡಾಲ್ಫಿನ್ ಕಿಕ್‌ನಲ್ಲಿ ಕಾಲಿಗೆ ಆ ಅವಕಾಶ ಇಲ್ಲ. ಕೆಳಗೆ ಒದ್ದ ಕಾಲು ಮತ್ತೆ ಮೇಲೆ ಬರಬೇಕು, ಬರುವುದೂ ನೀರಿನೊಳಗೇ. ಬರುವಾಗ ಒಂದೋ ನಿಮ್ಮನ್ನು ಮುಂದಕ್ಕೆ ತಳ್ಳುತ್ತಾ ಬರುತ್ತದೆ, ಇಲ್ಲವೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತಾ ಬರುತ್ತದೆ. ಮೂರನೆಯ ದಾರಿ ಇಲ್ಲ.

ನಾನು ಈಜುತ್ತಿದ್ದ ದಿನಗಳಲ್ಲಿ ನನಗೆ ಸಿಕ್ಕ ಸಲಹೆ ಒಂದೇ: ‘ಗಟ್ಟಿಯಾಗಿ ಒದಿ.’ ನಾನು ಒದೆದೆ. ತೊಡೆಯ ಮುಂಭಾಗ ಉರಿಯುವವರೆಗೆ ಒದೆದೆ. ವರ್ಷಗಟ್ಟಲೆ ಒದ್ದರೂ ಐದಾರು ಮೀಟರ್ ಆಗುತ್ತಲೇ ಪಕ್ಕದ ಲೇನಿನವರು ಮುಂದೆ ಹೋಗುತ್ತಿದ್ದರು. ಕೆಳಗಿನ ಒದೆತ ಗಟ್ಟಿಯಾದಷ್ಟೂ ಮೇಲಕ್ಕೆ ಬರುವ ಕಾಲು ಸಡಿಲವಾಗುತ್ತಾ ಹೋಗಿತ್ತು ಎಂದು ನನಗೆ ತಿಳಿದದ್ದು ಈಜು ಬಿಟ್ಟು ಕಲಿಸಲು ಶುರು ಮಾಡಿದ ಮೇಲೆ. ಅದನ್ನು ತೋರಿಸಿಕೊಟ್ಟದ್ದು ಒಬ್ಬ ಹುಡುಗಿ.

ಬ್ಯಾಕ್‌ಸ್ಟ್ರೋಕ್ ಈಜುವ ಹುಡುಗಿ, ಹದಿನಾಲ್ಕು ವರ್ಷ. ಶ್ರಮಕ್ಕೆ ಕೊರತೆ ಇಲ್ಲ. ಮೇಲ್ಮೈಯಲ್ಲಿ ಒಳ್ಳೆಯ ವೇಗ, ಪ್ರತಿ ಟರ್ನ್ ಆದಮೇಲೆ ಮಾತ್ರ ಹಿಂದೆ ಬೀಳುತ್ತಿದ್ದಳು. ಒಂದು ದಿನ ನೀರಿನೊಳಗೆ ಇಡುವ ಸಣ್ಣ ಕ್ಯಾಮೆರಾ ಹಿಡಿದು ಪಕ್ಕದ ಲೇನಿನಲ್ಲಿ ನಿಂತೆ. ಅವಳು ಬೋರಲಾಗಿ ಕಿಕ್ ಮಾಡುತ್ತಾ ನನ್ನ ಮುಂದೆ ಹಾದುಹೋದಳು. ಸಂಜೆ ಇಬ್ಬರೂ ಕೂತು ಆ ವಿಡಿಯೋವನ್ನು ಒಂದೊಂದೇ ಚೌಕಟ್ಟಾಗಿ ಸರಿಸಿ ನೋಡಿದೆವು.

ಕಾಲು ಕೆಳಗೆ ಹೋಗುವ ಚೌಕಟ್ಟುಗಳು ಚೆನ್ನಾಗಿದ್ದವು. ಮೊಣಕಾಲು ನೇರವಾಗುತ್ತಿದೆ, ಪಾದ ಚಾವಟಿಯ ತುದಿಯ ಹಾಗೆ ಕೊನೆಯಲ್ಲಿ ಬೀಸುತ್ತಿದೆ, ಹಿಂದೆ ಗುಳ್ಳೆಗಳ ಒಂದು ಸುಳಿ. ಮುಂದಿನ ಚೌಕಟ್ಟಿಗೆ ಬಂದೆವು. ಕಾಲು ಮೇಲೆ ಏರುವ ಹೊತ್ತು. ಅವಳ ತೊಡೆ ಇದ್ದಲ್ಲೇ ಇದೆ, ಮೊಣಕಾಲು ಮಾತ್ರ ಮಡಚುತ್ತಿದೆ. ಹಿಮ್ಮಡಿ ಪೃಷ್ಠದ ಕಡೆಗೆ ಬರುತ್ತಿದೆ. ಇನ್ನೆರಡು ಚೌಕಟ್ಟು ಸರಿಸಿದಾಗ ತೊಡೆ ಮುಂದಕ್ಕೆ ಬಾಗಿ, ಎದುರು ಬರುವ ನೀರಿಗೆ ಅಡ್ಡ ಹಿಡಿದ ಹಲಗೆಯ ಹಾಗೆ ನಿಂತಿತ್ತು. ಕೊಳದ ತಳದ ಕಪ್ಪು ಗೆರೆಯ ಮೇಲಿನ ಒಂದು ಟೈಲ್‌ನ ಅಂಚನ್ನು ಗುರುತು ಇಟ್ಟುಕೊಂಡು ನೋಡಿದೆವು. ಅಷ್ಟು ಚೌಕಟ್ಟುಗಳಲ್ಲಿ ಅವಳ ತಲೆ ಆ ಅಂಚಿನಿಂದ ಮುಂದೆ ಸರಿದದ್ದು ಅತಿ ಕಡಿಮೆ. ಒಂದೊಂದು ಕಿಕ್‌ನಲ್ಲೂ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಅವಳು ಬಹಳ ಹೊತ್ತು ಆ ಚೌಕಟ್ಟನ್ನೇ ನೋಡಿ, ‘ಸರ್, ನಾನು ಅರ್ಧ ಹೊತ್ತು ಬ್ರೇಕ್ ಹಾಕ್ತಾ ಇದೀನಿ’ ಎಂದಳು. ಇದಕ್ಕಿಂತ ಸರಿಯಾಗಿ ನಾನು ಯಾವತ್ತೂ ಹೇಳಿಲ್ಲ.

ಕಾಲು ಕೆಳಗೆ ಹೋಗುವುದಕ್ಕೆ ಕೊಳದಲ್ಲಿ ಡೌನ್‌ಕಿಕ್ ಎನ್ನುತ್ತೇವೆ, ಮೇಲೆ ಬರುವುದಕ್ಕೆ ಅಪ್‌ಕಿಕ್. ಈ ಎರಡರ ನಡುವೆ ಅಸಮಾನತೆ ಇರುವುದು ನಮ್ಮ ದೇಹದ ರಚನೆಯಲ್ಲೇ. ಡಾಲ್ಫಿನ್‌ಗೆ ಮೊಣಕಾಲಿಲ್ಲ. ಅದರ ಬಾಲ ಮೇಲೆಯೂ ಕೆಳಗೆಯೂ ಹೆಚ್ಚುಕಡಿಮೆ ಒಂದೇ ಬಲದಿಂದ ಬೀಸುತ್ತದೆ. ನಮ್ಮ ಮೊಣಕಾಲು ಒಂದೇ ಕಡೆಗೆ ಮಡಚುತ್ತದೆ. ಪಾದದ ಕೀಲು ಬೆರಳು ಚಾಚುವ ದಿಕ್ಕಿನಲ್ಲಿ ಚೆನ್ನಾಗಿ ಬಾಗುತ್ತದೆ. ತೊಡೆಯ ಮುಂಭಾಗದ ಸ್ನಾಯು ಹಿಂಭಾಗದ್ದಕ್ಕಿಂತ ಬಲವಾದದ್ದು. ಇವೆಲ್ಲ ಡೌನ್‌ಕಿಕ್‌ನ ಪರವಾಗಿ ನಿಂತಿವೆ. ಆದ್ದರಿಂದ ಎಷ್ಟು ಕಲಿತರೂ ಡೌನ್‌ಕಿಕ್ಕೇ ಹೆಚ್ಚು ತಳ್ಳುತ್ತದೆ, ಅದು ಸಹಜ. ನಾವು ಕೇಳುತ್ತಿರುವುದು ಅಪ್‌ಕಿಕ್ ಅದಕ್ಕೆ ಸಮವಾಗಲಿ ಎಂದಲ್ಲ. ಅದು ಬ್ರೇಕ್ ಹಾಕುವುದನ್ನು ನಿಲ್ಲಿಸಿ, ತನ್ನ ಪಾಲನ್ನು ಕೊಡಲಿ ಎಂದಷ್ಟೇ.

ಒಳ್ಳೆಯ ಅಪ್‌ಕಿಕ್ ಹೇಗಿರುತ್ತದೆ? ಕಾಲು ಕೆಳಗೆ ಪೂರ್ತಿ ಚಾಚಿದೆ ಎಂದುಕೊಳ್ಳಿ. ಅಲ್ಲಿಂದ ಕಾಲನ್ನು ನೇರವಾಗಿಯೇ ಇಟ್ಟುಕೊಂಡು ಇಡೀ ಕಾಲನ್ನು ಸೊಂಟದಿಂದ ಮೇಲೆತ್ತಬೇಕು. ಎತ್ತುವ ಕೆಲಸ ಪೃಷ್ಠದ್ದು ಮತ್ತು ತೊಡೆಯ ಹಿಂಭಾಗದ್ದು. ಆಗ ಮೀನಖಂಡದ ಮೇಲೆ, ಹಿಮ್ಮಡಿಯ ಮೇಲೆ, ಅಂಗಾಲಿನ ಮೇಲೆ ನೀರು ಭಾರವಾಗಿ ಕೂತಂತೆ ಅನ್ನಿಸುತ್ತದೆ. ಆ ಭಾರ ಅನ್ನಿಸಿದರೆ ನೀವು ನೀರನ್ನು ತಳ್ಳುತ್ತಿದ್ದೀರಿ ಎಂದರ್ಥ. ಅನ್ನಿಸದಿದ್ದರೆ ಮೊಣಕಾಲು ಆಗಲೇ ಮಡಚಿಬಿಟ್ಟಿದೆ.

ಹಾಗಾದರೆ ಮೊಣಕಾಲು ಮಡಚಲೇಬಾರದೇ? ಮಡಚಬೇಕು, ಆದರೆ ಯಾವಾಗ ಎಂಬುದರಲ್ಲಿ ಎಲ್ಲವೂ ಇದೆ. ಅಪ್‌ಕಿಕ್‌ನ ಕೊನೆಯಲ್ಲಿ, ಪಾದ ಇನ್ನೂ ಮೇಲೇರುತ್ತಿರುವಾಗಲೇ ಸೊಂಟ ಮತ್ತು ತೊಡೆ ಕೆಳಗೆ ತಿರುಗಲು ಶುರು ಮಾಡುತ್ತವೆ. ತೊಡೆ ಕೆಳಗೆ, ಪಾದ ಮೇಲೆ. ಆ ಎಳೆದಾಟದಲ್ಲಿ ಮೊಣಕಾಲು ತಾನಾಗಿ ಮಡಚುತ್ತದೆ. ನೀವು ಮಡಚಿದ್ದಲ್ಲ, ಮಡಚಿದ್ದು ನೀರು. ಹಗ್ಗದ ಒಂದು ತುದಿ ಹಿಡಿದು ಜಾಡಿಸಿದರೆ ಅಲೆ ಹೇಗೆ ತುದಿಯವರೆಗೆ ಓಡುತ್ತದೋ ಹಾಗೆ. ಕೈಯ ಬಳಿ ಸಣ್ಣ ಏರಿಳಿತ, ತುದಿಯಲ್ಲಿ ದೊಡ್ಡ ಏರಿಳಿತ. ನಡುವೆ ಎಲ್ಲಿಯೂ ಹಗ್ಗವನ್ನು ಯಾರೂ ಮುಟ್ಟುವುದಿಲ್ಲ.

ಈ ಹಗ್ಗದ ವಿಷಯ ಬಂದಾಗ ನನಗೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಮಕ್ಕಳಿಗೆ ‘ಎದೆಯಿಂದ ಅಲೆ ತೆಗೆ’ ಎಂದು ಕಲಿಸುವ ರೂಢಿ ಇದೆ. ನಾನೂ ಕಲಿಸಿದ್ದೆ, ಈಗ ನಿಲ್ಲಿಸಿದ್ದೇನೆ. ಮಕ್ಕಳು ಅದನ್ನು ಕೇಳಿ ಭುಜ, ತಲೆ, ಕೈ ಎಲ್ಲವನ್ನೂ ಮೇಲೆ ಕೆಳಗೆ ಆಡಿಸುತ್ತಾರೆ. ನೋಡಲು ಹಾವು ಹರಿದಂತೆ ಚೆಂದ. ಆದರೆ ದೇಹದ ಮುಂಭಾಗ ಹೆಚ್ಚು ಆಡಿದಷ್ಟೂ ಎದುರಿನ ನೀರಿಗೆ ತೋರುವ ಅಗಲ ಹೆಚ್ಚುತ್ತದೆ. ಪ್ರತಿರೋಧ ವೇಗದ ವರ್ಗದಂತೆ ಏರುತ್ತದೆ: ಸೆಕೆಂಡಿಗೆ 2 ಮೀಟರ್ ಇದ್ದದ್ದು 3 ಮೀಟರ್ ಆದರೆ ಪ್ರತಿರೋಧ ಎರಡೂಕಾಲು ಪಟ್ಟು. ಗೋಡೆ ಬಿಟ್ಟ ಹೊಸದರಲ್ಲಿ, ವೇಗ ಅತಿ ಹೆಚ್ಚಿರುವಾಗ, ಆಡುವ ಭುಜ ಅತಿ ದುಬಾರಿ. ಕೈಯ ಬೆರಳ ತುದಿ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಹೋಗಬೇಕು. ಪಕ್ಕೆಲುಬಿನ ಕೆಳಗಿನ ಅಂಚಿನಿಂದ ಅಲೆ ಏಳಬೇಕು, ಸೊಂಟಕ್ಕೆ ಬರುವಾಗ ಬೆಳೆಯಬೇಕು, ಪಾದದಲ್ಲಿ ಪೂರ್ತಿಯಾಗಬೇಕು. ಒಂದು ಅಂಗೈ ಮೇಲೆ ಇನ್ನೊಂದು, ಮೇಲಿನ ಕೈಯ ಹೆಬ್ಬೆರಳು ಕೆಳಗಿನ ಕೈಯನ್ನು ಹಿಡಿದಿರಲಿ. ತೋಳುಗಳು ಕಿವಿಯ ಹಿಂದೆ ಒತ್ತಿರಲಿ. ಗಲ್ಲ ಮೇಲೆತ್ತಿ ಮುಂದೆ ನೋಡುವ ಆಸೆ ಬೇಡ. ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ.

ಅಭ್ಯಾಸಕ್ಕೆ ಬರುತ್ತೇನೆ. ನಾನು ಹೆಚ್ಚು ನಂಬಿರುವುದು ನಿಂತು ಮಾಡುವ ಕಿಕ್ ಅನ್ನು. ಆಳದ ನೀರಿನಲ್ಲಿ ನೆಟ್ಟಗೆ ನಿಂತ ಹಾಗೆ ಇದ್ದು, ಕೈಗಳನ್ನು ಎದೆಯ ಮೇಲೆ ಕಟ್ಟಿ, ಬರೀ ಡಾಲ್ಫಿನ್ ಕಿಕ್‌ನಿಂದ ತಲೆಯನ್ನು ನೀರಿನ ಮೇಲೆ ಉಳಿಸಿಕೊಳ್ಳುವುದು. ಇದರ ಸೊಗಸು ಏನೆಂದರೆ, ಇಲ್ಲಿ ಸುಳ್ಳು ಹೇಳಲು ಆಗುವುದಿಲ್ಲ. ಮುಂದಕ್ಕೆ ಒದೆಯುವುದು ಮಾತ್ರ ಗಟ್ಟಿಯಿದ್ದು ಹಿಂದಕ್ಕೆ ತರುವುದು ಸಡಿಲವಿದ್ದರೆ ದೇಹ ಹಿಂದಕ್ಕೆ ಜರುಗುತ್ತಾ ಹೋಗುತ್ತದೆ. ಗೋಡೆಯ ಒಂದು ಟೈಲ್ ಗುರುತು ಇಟ್ಟುಕೊಳ್ಳಿ. ಇಪ್ಪತ್ತು ಸೆಕೆಂಡು ಅದರ ಎದುರಿಗೇ ನಿಲ್ಲಬಲ್ಲಿರಾ ನೋಡಿ. ನಿಂತರೆ ಎರಡೂ ಕಡೆ ಕೆಲಸ ನಡೆಯುತ್ತಿದೆ. ನಿಧಾನವಾಗಿ ಕೈಗಳನ್ನು ನೀರಿನಿಂದ ಹೊರಗೆ ತೆಗೆಯಿರಿ, ಆಮೇಲೆ ತಲೆಯ ಮೇಲೆ ಸ್ಟ್ರೀಮ್‌ಲೈನ್‌ನಲ್ಲಿ, ಅಂದರೆ ಅಂಗೈ ಮೇಲೆ ಅಂಗೈ ಇಟ್ಟು ನೇರವಾಗಿ ಚಾಚಿ, ಜೋಡಿಸಿ. ಕೊನೆಯದು ಬಹಳ ಕಷ್ಟ. ಆತುರ ಬೇಡ.

ಎರಡನೆಯದು ಜ್ಯಾಕ್ ಸೀಗ್ ಮಾಡಿದ್ದು, ಪಕ್ಕಕ್ಕೆ ಮಲಗಿ ಕಿಕ್. ಬೋರಲಾಗಿರುವಾಗ ಮೇಲೆ ಮೇಲ್ಮೈ ಇದೆ, ಕೆಳಗೆ ತಳ ಇದೆ. ಮನಸ್ಸು ಕೆಳಗಿನದ್ದನ್ನೇ ಒದೆತ ಎಂದುಕೊಳ್ಳುತ್ತದೆ. ಪಕ್ಕಕ್ಕೆ ಮಲಗಿದರೆ ಮೇಲೆ ಕೆಳಗೆ ಎಂಬುದೇ ಇಲ್ಲ, ಎರಡೂ ಪಕ್ಕ. ಕಾಲು ಸಮವಾಗಿ ಬೀಸದಿದ್ದರೆ ದಾರಿ ಒಂದು ಕಡೆಗೆ ಬಾಗಿ ಲೇನ್ ಹಗ್ಗದ ಹತ್ತಿರ ಹೋಗುತ್ತೀರಿ. ಹಗ್ಗವೇ ಕೋಚ್.

ಮೂರನೆಯದು ಅಂಗಾತ. ಮೇಲ್ಮೈಗೆ ಹತ್ತಿರವಾಗಿ ಅಂಗಾತ ಕಿಕ್ ಮಾಡುವಾಗ ಮೊಣಕಾಲು ನೀರಿನಿಂದ ಹೊರಗೆ ಇಣುಕಿದರೆ ಹೆಚ್ಚು ಮಡಚುತ್ತಿದ್ದೀರಿ. ನೀರಿನ ಮೇಲೆ ಪಾದದ ಬೆರಳ ಕುದಿತ ಮಾತ್ರ ಕಾಣಬೇಕು. ಮೂಗಿಗೆ ನೀರು ಬರುವುದಕ್ಕೆ ಹೆದರಿ ಮಕ್ಕಳು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಮೂಗಿನಿಂದ ಎಳೆ ಎಳೆಯಾಗಿ ಉಸಿರು ಬಿಡುತ್ತಿರುವುದನ್ನು ಮೊದಲೇ ಕಲಿಸಿದರೆ ಆ ಹೆದರಿಕೆ ಹೋಗುತ್ತದೆ.

ಸಣ್ಣ ಫಿನ್ಸ್, ಅಂದರೆ ಪಾದಕ್ಕೆ ತೊಡುವ ಈಜುರೆಕ್ಕೆ, ಹಾಕಿಸಿ, ತಪ್ಪಿಲ್ಲ. ಅಂಗಾಲಿನ ಮೇಲಿನ ಭಾರ ಮೊದಲ ಸಲ ಅನುಭವಕ್ಕೆ ಬರುವುದು ಹೆಚ್ಚಾಗಿ ಫಿನ್ಸ್‌ನಲ್ಲೇ. ಆದರೆ ಎರಡು ಸಲ ಫಿನ್ಸ್‌ನಲ್ಲಿ ಹೋದರೆ ಮೂರನೆಯ ಸಲ ಬರಿಗಾಲಲ್ಲಿ ಹೋಗಿ ಅದೇ ಭಾರವನ್ನು ಹುಡುಕಬೇಕು. ನೆಲದ ಮೇಲಿನ ಕಸರತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಅಂಗಾತ ಮಲಗಿ ಸೊಂಟ ಎತ್ತುವುದು, ಬೋರಲು ಮಲಗಿ ನೇರ ಕಾಲನ್ನು ಎತ್ತುವುದು, ಮಂಡಿಯೂರಿ ಹಿಮ್ಮಡಿಗಳ ಮೇಲೆ ಕೂತು ಪಾದದ ಕೀಲನ್ನು ಸಡಿಲಿಸುವುದು, ಭುಜ ಮತ್ತು ಬೆನ್ನಿನ ಮೇಲ್ಭಾಗವನ್ನು ಚಾಚುವುದು. ದಿನವೂ ಸ್ವಲ್ಪ ಮಾಡಿದರೆ ಸಾಕು.

ಇನ್ನು ವೇಗ ಮತ್ತು ಅಗಲದ ಮಾತು. ಸಣ್ಣಗೆ ಬೇಗ ಬೇಗ ಒದೆಯಬೇಕೋ, ದೊಡ್ಡದಾಗಿ ನಿಧಾನಕ್ಕೋ? ಮೀನು ಮತ್ತು ಡಾಲ್ಫಿನ್‌ಗಳನ್ನು ಅಧ್ಯಯನ ಮಾಡುವವರು ಸ್ಟ್ರೌಹಲ್ ಸಂಖ್ಯೆ ಎಂಬ ಅಳತೆ ಬಳಸುತ್ತಾರೆ. ಸೆಕೆಂಡಿಗೆ ಎಷ್ಟು ಬೀಸು ಎಂಬುದನ್ನು ಬಾಲದ ಏರಿಳಿತದ ಅಗಲದಿಂದ ಗುಣಿಸಿ, ವೇಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಡಾಲ್ಫಿನ್‌ಗಳಲ್ಲಿ ಇದು ಸಾಮಾನ್ಯವಾಗಿ 0.2ರಿಂದ 0.4ರೊಳಗೆ. ಸೆಕೆಂಡಿಗೆ 2 ಕಿಕ್, ಪಾದದ ಏರಿಳಿತ 0.6 ಮೀಟರ್, ವೇಗ ಸೆಕೆಂಡಿಗೆ 1.5 ಮೀಟರ್ ಇರುವ ಈಜುಗಾರನ ಲೆಕ್ಕ ಹಾಕಿ: 0.8 ಬರುತ್ತದೆ. ಅಷ್ಟೇ ವೇಗಕ್ಕೆ ನಾವು ಬಹಳ ಹೆಚ್ಚು ಬೀಸುತ್ತಿದ್ದೇವೆ ಎಂದರ್ಥ. ಡಾಲ್ಫಿನ್ ಆಗಲು ನಮ್ಮಿಂದ ಸಾಧ್ಯವಿಲ್ಲ, ಆದರೆ ಈ ಲೆಕ್ಕ ದಾರಿ ತೋರಿಸುತ್ತದೆ. ಬೀಸಿನ ಅಗಲವನ್ನೂ ಸೆಕೆಂಡಿಗೆ ಬೀಸುವ ಎಣಿಕೆಯನ್ನೂ ಒಟ್ಟಿಗೆ ಹೆಚ್ಚಿಸಿ ಪ್ರಯೋಜನವಿಲ್ಲ. ಒಂದು ಕಿಕ್‌ಗೆ ಎಷ್ಟು ದೂರ ಹೋದೆ ಎಂದು ಅಳೆಯಿರಿ. 10 ಮೀಟರ್‌ಗೆ ಕಿಕ್ ಎಣಿಸಿ, ಸಮಯವನ್ನೂ ಬರೆದಿಡಿ. ಸಮಯ ಅಷ್ಟೇ ಇದ್ದು ಎಣಿಕೆ ಕಡಿಮೆಯಾದರೆ ಕಲಿಕೆ ಆಗುತ್ತಿದೆ. ಎಣಿಕೆ ಇಳಿದು ಸಮಯ ಏರಿದರೆ ಬರೀ ತೇಲುತ್ತಿದ್ದೀರಿ. ಎರಡನ್ನೂ ಬರೆಯದೆ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ.

ಮೊದಲ ಕಿಕ್ ಯಾವಾಗ? ಗೋಡೆ ಬಿಟ್ಟ ತಕ್ಷಣ ಅಲ್ಲ. ಆಗಿನ ವೇಗ ನಿಮ್ಮ ಕಿಕ್ ಕೊಡುವ ವೇಗಕ್ಕಿಂತ ಹೆಚ್ಚಿರುತ್ತದೆ, ಕಾಲಾಡಿಸಿದರೆ ಆ ವೇಗ ಕೆಡುತ್ತದೆ. ತಡವಾದರೂ ಕಷ್ಟ, ಇಳಿದ ವೇಗವನ್ನು ಮತ್ತೆ ಏರಿಸಲು ದುಪ್ಪಟ್ಟು ದುಡಿಯಬೇಕು. ಮುಖದ ಮೇಲೆ ಹರಿಯುವ ನೀರು ಮೆತ್ತಗಾಗಲು ಶುರುವಾಗುವ ಒಂದು ಕ್ಷಣ ಇದೆ, ಅದಕ್ಕೆ ಸ್ವಲ್ಪ ಮುಂಚೆ. ಅದನ್ನು ಮಾತಿನಲ್ಲಿ ಹೇಳಲಾರೆ. ಹತ್ತು ಸಲ ಬೇಗ, ಹತ್ತು ಸಲ ತಡವಾಗಿ ಮಾಡಿಸಿದರೆ ಹನ್ನೊಂದನೆಯ ಸಲ ಮಕ್ಕಳೇ ಕಂಡುಹಿಡಿಯುತ್ತಾರೆ.

ಎಷ್ಟು ಕಿಕ್? 15 ಮೀಟರ್ ಎನ್ನುವುದು ಮಿತಿ, ಗುರಿಯಲ್ಲ. ನಿಮ್ಮ ನೀರಿನಡಿಯ ವೇಗ ಮೇಲ್ಮೈಯ ವೇಗಕ್ಕೆ ಇಳಿಯುವ ಹೊತ್ತಿಗೆ ಮೇಲೆ ಬನ್ನಿ, ಅದು 8 ಮೀಟರ್ ಆದರೆ 8 ಮೀಟರ್. ಮತ್ತೆ, ಎಷ್ಟು ಕಿಕ್ ಎಂಬುದನ್ನು ಮೊದಲ ಟರ್ನ್‌ನಿಂದ ನಿರ್ಧರಿಸಬೇಡಿ, ಕೊನೆಯ ಟರ್ನ್‌ನಿಂದ ನಿರ್ಧರಿಸಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್ ಅನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೊನೆಯ ಟರ್ನ್‌ಗೆ ಬಂದಾಗ ಹಂಗೇರಿಯ ಕ್ರಿಸ್ಟೋಫ್ ಮಿಲಾಕ್ ಮುಂದಿದ್ದ, ಫ್ರಾನ್ಸ್‌ನ ಲಿಯೋನ್ ಮಾರ್ಷಾಂ ಹಿಂದಿದ್ದ. 150 ಮೀಟರ್ ಬಟರ್‌ಫ್ಲೈ ಈಜಿ ಉಸಿರಿಗೆ ಪರದಾಡುವ ಹೊತ್ತು. ಎಲ್ಲರ ದೇಹವೂ ಮೇಲೆ ಹೋಗು ಎನ್ನುತ್ತಿರುತ್ತದೆ. ಮಾರ್ಷಾಂ ಕೆಳಗೇ ಉಳಿದ, ಒಂದೂ ಆತುರದ ಕಿಕ್ ಇಲ್ಲ. ಮೇಲೆ ಬಂದಾಗ ಅಂತರ ಕರಗುತ್ತಿತ್ತು. ಮೊದಲು ಗೋಡೆ ಮುಟ್ಟಿದ್ದು ಆತನೇ, 1 ನಿಮಿಷ 51.21 ಸೆಕೆಂಡಿಗೆ. ಅದೇ ಸಂಜೆ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಕೂಡ ಗೆದ್ದ.

ಈಗ ಹೇಳುವುದನ್ನು ದಯವಿಟ್ಟು ಎಲ್ಲಕ್ಕಿಂತ ಗಮನವಿಟ್ಟು ಕೇಳಿ. ನೀರಿನಡಿಯ ಅಭ್ಯಾಸ ಉಸಿರು ಕಟ್ಟುವ ಅಭ್ಯಾಸವಲ್ಲ. ನಮಗೆ ಉಸಿರಾಡಬೇಕು ಅನ್ನಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಮುಳುಗುವ ಮೊದಲು ಜೋರಾಗಿ ಪದೇ ಪದೇ ಉಸಿರಾಡಿದರೆ ಅದು ಮೊದಲೇ ಇಳಿದಿರುತ್ತದೆ. ಆಮ್ಲಜನಕ ಮುಗಿಯುತ್ತಾ ಬಂದರೂ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಪ್ರಜ್ಞೆ ತಪ್ಪುತ್ತದೆ, ಸದ್ದಿಲ್ಲದೆ. ಒಳ್ಳೆಯ ಈಜುಗಾರರೇ ಇದಕ್ಕೆ ಬಲಿಯಾಗುತ್ತಾರೆ, ಏಕೆಂದರೆ ಇನ್ನೂ ಸ್ವಲ್ಪ ಹೋಗಬಲ್ಲೆ ಎಂಬ ಛಲ ಇರುವುದು ಅವರಿಗೇ. ಆದ್ದರಿಂದ ಒಂಟಿಯಾಗಿ ಮಾಡಬಾರದು. ಯಾರು ಹೆಚ್ಚು ದೂರ ಎಂಬ ಪಂದ್ಯ ಕಟ್ಟಬಾರದು. ಮುಳುಗುವ ಮೊದಲು ಸಹಜವಾದ ಒಂದೆರಡು ಉಸಿರು, ಅಷ್ಟೇ. ಎರಡು ಸಲದ ನಡುವೆ ಉಸಿರು ಪೂರ್ತಿ ಹದಕ್ಕೆ ಬರುವವರೆಗೆ ವಿಶ್ರಾಂತಿ. ದಂಡೆಯ ಮೇಲೆ ನೀರನ್ನೇ ನೋಡುತ್ತಿರುವ ಒಬ್ಬರು ಇರಲೇಬೇಕು, ಮೊಬೈಲ್ ನೋಡುತ್ತಿರುವವರಲ್ಲ. 10 ಮೀಟರ್‌ನ ಚೊಕ್ಕ ಕಿಕ್ ಕಲಿಸುವುದನ್ನು 50 ಮೀಟರ್‌ನ ಉಸಿರು ಕಟ್ಟಿದ ಕಿಕ್ ಕಲಿಸುವುದಿಲ್ಲ.

ಒಬ್ಬ ತಾಯಿ ಕೇಳಿದರು: ‘ನಮ್ಮ ಮಗನಿಗೆ ಒಂಬತ್ತು ವರ್ಷ. ಈಗಲೇ ಕಲಿಸಬಹುದಾ ಸರ್?’ ಕಲಿಸಬಹುದಮ್ಮ, ಆಟದ ಹಾಗೆ. ಗೋಡೆ ಒದ್ದು ನಾಲ್ಕು ಕಿಕ್, ಮೇಲೆ ಬಾ, ನಗು, ಮತ್ತೆ ಮಾಡು. ಎಣಿಕೆ ಹೆಚ್ಚಿಸುವ ಗೋಜಿಗೆ ಹೋಗಬೇಡಿ. ‘ಎಷ್ಟು ದೂರ ಹೋದೆ’ ಎಂದು ಕೇಳುವ ಬದಲು ‘ಕಾಲಿನ ಹಿಂದೆ ನೀರು ಸಿಕ್ಕಿತಾ’ ಎಂದು ಕೇಳಿ.

ಬ್ರೆಸ್ಟ್‌ಸ್ಟ್ರೋಕ್ ಈಜುವ ಹುಡುಗನೊಬ್ಬ ಕೇಳಿದ: ‘ನಮಗೆ ಇರೋದೇ ಒಂದು ಡಾಲ್ಫಿನ್ ಕಿಕ್. ಅದಕ್ಕೆ ಇಷ್ಟೆಲ್ಲ ಬೇಕಾ?’ ಸ್ಟಾರ್ಟ್ ಆದಮೇಲೆ ಒಂದು, ಪ್ರತಿ ಟರ್ನ್ ಆದಮೇಲೆ ಒಂದು, ಮೊದಲ ಬ್ರೆಸ್ಟ್‌ಸ್ಟ್ರೋಕ್ ಕಿಕ್‌ಗೆ ಮುಂಚೆ. ಒಂದೇ ಇರುವುದರಿಂದಲೇ ಬೇಕಪ್ಪ. ನಿನ್ನ ಆ ಒಂದು ಕಿಕ್ ಮುಗಿಯುವುದು ಕಾಲು ಕೆಳಗೆ ಹೋದಾಗ ಅಲ್ಲ, ಮತ್ತೆ ದೇಹದ ಗೆರೆಗೆ ಬಂದು ಸೇರಿದಾಗ. ಬಹಳ ಜನ ಒದ್ದು ಕಾಲನ್ನು ಅಲ್ಲೇ ನೇತು ಬಿಡುತ್ತಾರೆ, ಆಮೇಲಿನ ತೇಲುವಿಕೆ ಎಲ್ಲ ಕೆಡುತ್ತದೆ. ಕಾಲನ್ನು ಎತ್ತಿ ಮುಗಿಸು.

ಆ ಹುಡುಗಿಗೆ ಏನಾಯಿತು ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಎರಡು ತಿಂಗಳು ಅವಳು ನಿಂತು ಮಾಡುವ ಕಿಕ್ ಮತ್ತು ಪಕ್ಕದ ಕಿಕ್ ಬಿಟ್ಟು ನೀರಿನಡಿ ಬೇರೇನೂ ಮಾಡಲಿಲ್ಲ. ಮೊದಲ ವಾರಗಳಲ್ಲಿ ಇನ್ನೂ ನಿಧಾನವಾದಳು. ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತಿತ್ತು, ಒಂದು ದಿನ ಅತ್ತಳು ಕೂಡ. ಒಂದು ಬೆಳಿಗ್ಗೆ ಪಕ್ಕದ ಕಿಕ್ ಮಾಡುತ್ತಾ ಲೇನಿನ ನಡುವಿನ ಗೆರೆ ಬಿಡದೆ ಆ ತುದಿಯವರೆಗೆ ಹೋದಳು. ಗೋಡೆ ಹಿಡಿದು, ಕನ್ನಡಕ ಮೇಲೆತ್ತಿ, ‘ಸರ್, ಅಂಗಾಲು ಭಾರ ಆಯ್ತು’ ಎಂದು ಕೂಗಿದಳು. ಅದಾದ ಮೇಲೆ ಅದೇ ದೂರಕ್ಕೆ ಅವಳಿಗೆ ಎರಡು ಕಿಕ್ ಕಡಿಮೆ ಸಾಕಾಗುತ್ತಿತ್ತು.

ಈಜುಡುಗೆ ತಂದಿರುವವರು ಈಗ ಬದಲಿಸಿಕೊಂಡು ಆಳದ ಕಡೆಗೆ ಬನ್ನಿ. ಇಬ್ಬಿಬ್ಬರ ಜೋಡಿ, ಒಬ್ಬರು ನೀರಿನಲ್ಲಿ, ಒಬ್ಬರು ದಂಡೆಯ ಮೇಲೆ ನೋಡುತ್ತಾ. ಕೈ ಎದೆಯ ಮೇಲೆ, ಕಣ್ಣು ಎದುರಿನ ಟೈಲ್ ಮೇಲೆ, ಇಪ್ಪತ್ತು ಸೆಕೆಂಡು. ಎಣಿಸುವುದು ನಾನಲ್ಲ, ಆ ಹುಡುಗಿ. ಅವಳೂ ಇವತ್ತು ಬಂದಿದ್ದಾಳೆ.